ಸೆಕೆಂಡ್ ಕ್ರಾಸಿನಾಗ ಕುಂತವರು

"ಏ ಯಾವಾಕಿಬೇ ಆಕಿ? ಏಳ್ ಮ್ಯಾಲ! ರೋಡಿನ್ಯಾಗ ಕುಂತಾಳ ನೋಡು ಹಾದರಗಿತ್ತಿ. ಇದು ಸೆಕೆಂಡ್ ಕ್ರಾಸು!"

ಹೊನ್ನೂರಮ್ಮ ಅರ್ಧಕ್ಕೇ ಎದ್ದಳು. ಸೀರೆ ಇಳಿಬಿಡುವಷ್ಟರಲ್ಲಿ ಮಣ್ಣಿನ ಹೆಂಟೆಯೊಂದು ಹಾರಿ ಬಂದು ಅವಳ ಪಕ್ಕದಲ್ಲೇ ಒಡೆಯಿತು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಕಾಲುವೆಯ ಏರಿಯ ಮೇಲೆ ಕಾವಲುಗಾರ ಮಾಳಿಂಗಪ್ಪ ಕಂಬಳಿ ಹೊದ್ದು, ಬಡಿಗೆ ಊರಿ ನಿಂತಿದ್ದ. ಅವಳು ಸುತ್ತ ನೋಡಿದಳು. ರೋಡೂ ಇರಲಿಲ್ಲ, ಕ್ರಾಸೂ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಬೋಳಿಸಿದ ತಲೆಯಂಥ ನೆಲ. ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಎಳೆದ ಸುಣ್ಣದ ಗೆರೆ.

"ಎಲ್ಲೈತೋ ರೋಡು?"

"ಗೆರಿ ಕಾಣ್ಸಂಗಿಲ್ಲೇನು? ಗೆರಿ ಆ ಕಡಿಗೆ ಫಸ್ಟ್ ಕ್ರಾಸು, ಈ ಕಡಿಗೆ ಸೆಕೆಂಡ್ ಕ್ರಾಸು. ನಾಳಿ ಇಲ್ಲಿ ಮೋಟಾರು ಅಡ್ಡಾಡತಾವು."

"ನಾಳಿ ಬರೋ ಮೋಟಾರಿಗೆ ನನ್ನ ಕುಂಡಿ ಇವತ್ತೇ ಅಡ್ಡಾತೇನಲೇ ಭಾಡ್ಯಾ?"

ಮಾಳಿಂಗಪ್ಪ ಏರಿ ಇಳಿದು ಬಂದ. ಅವಳು ಮುಟ್ಟುವುದಕ್ಕೂ ಮೊದಲೇ ನೀರಿನ ಚರಗಿಯನ್ನು ಬಡಿಗೆಯಿಂದ ಉರುಳಿಸಿದ. ನೀರನ್ನು ನೆಲ ಕುಡಿಯಿತು. ಖಾಲಿ ಚರಗಿಯ ಕಂಠಕ್ಕೆ ಬಡಿಗೆಯ ತುದಿ ಸಿಕ್ಕಿಸಿ ಎತ್ತಿಕೊಂಡ.

"ಧಣೇರ ಹುಕುಂ ಐತಿ. ಇನ್ನ ಮ್ಯಾಲ ಇಲ್ಲಿ ಕುಂತವರ ಚರಗಿ ಜಪ್ತಿ. ಬೇಕಂದ್ರ ಧಣೇರ ಮನೀಗೆ ಬಂದು ಬಿಡಿಸ್ಕೊಂಡು ಹೋಗು."

"ನೀರರೆ ಬಿಡಬಾರದೇನೋ, ನಿಮ್ಮೌವ್ನ! ಹೆಂಗ ಮನೀಗೆ ಹೋಗ್ಲಿ?"

ಅವನು ತಿರುಗಿ ನೋಡಲಿಲ್ಲ. ಹೊನ್ನೂರಮ್ಮ ಹಾಗೆಯೇ ಕಾಲು ಅಗಲಿಸಿ, ಹಲ್ಲು ಕಚ್ಚಿ ಕೇರಿಯ ತನಕ ನಡೆದಳು. ದಾರಿಯಲ್ಲಿ ಸಿಕ್ಕ ಮಿಲ್ಲಿನ ಗುಮಾಸ್ತ ಮೂಗು ಮುಚ್ಚಿಕೊಂಡು ದಾಟಿ ಹೋದ.

ಆ ನೆಲ ಮೊದಲು ಜಾಲಿಯ ಅಡವಿಯಾಗಿತ್ತು. ಜೋಳವೂ ಬೆಳೆಯದ ಕರಲು, ಯಾರಿಗೂ ಬೇಡವಾದ ಜಾಗ. ಹಾಗಾಗಿ ಅದು ಮಾದಿಗರ ಕೇರಿಯ ಹೆಂಗಸರ ಪಾಲಿಗೆ ಬಂದಿತ್ತು. ನಸುಕಿನಲ್ಲಿ ಅಲ್ಲಿ ಒಂದೊಂದು ಪೊದೆಗೆ ಒಬ್ಬೊಬ್ಬಳು. ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಗಂಡನನ್ನು ಬೈಯಲು, ಅತ್ತೆಯ ಚಾಡಿ ಹೇಳಲು, ಸೊಸೆ ಬಸಿರಾದಳೆಂದು ಸಾರಲು, ಯಾರಿಗೂ ಹೇಳಲಾಗದ್ದಕ್ಕೆ ಒಂದಿಷ್ಟು ಅಳಲು ಕೂಡ ಅದೇ ಜಾಗ.

ಆಮೇಲೆ ತುಂಗಭದ್ರೆಯ ಕಾಲುವೆ ಬಂತು. ನೀರಿನ ಬೆನ್ನಿಗೆ ಆಂಧ್ರದ ರೆಡ್ಡಿಗಳು ಬಂದರು, ರೆಡ್ಡಿಗಳ ಬೆನ್ನಿಗೆ ಕ್ಯಾಂಪುಗಳೆಂಬ ಅವರ ಹೊಸ ಊರುಗಳು, ಭತ್ತ, ರೈಸ್ ಮಿಲ್ಲು, ಲಾರಿ, ಟಾಕೀಸು. ಸಿಂಧನೂರು ಉಬ್ಬಿತು. ಎಷ್ಟು ಉಬ್ಬಿತೆಂದರೆ, ಮಿಲ್ಲಿನ ಮಾಲಕ ಅಮರೇಗೌಡರು ಮಗನನ್ನು ಕಾಲೇಜಿಗೆ ಹಚ್ಚಲು ಹೈದರಾಬಾದಿಗೆ ಹೋದವರು ಅಲ್ಲಿಯ ಕಾಲೊನಿಗಳನ್ನು ನೋಡಿ ಬಂದು, ಊಟಕ್ಕೆ ಕೂತಾಗಲೂ ಕೈಯಿಂದ ಅನ್ನದ ಮೇಲೆ ಗೆರೆ ಎಳೆಯತೊಡಗಿದರು. ಇದು ಮೇನ್ ರೋಡ್, ಇದು ಕ್ರಾಸ್. ಜಾಲಿಯ ಅಡವಿ ತಮ್ಮ ಅಜ್ಜನದೆಂದು ಅವರಿಗೆ ಆಗ ನೆನಪಾಯಿತು. ಬೋರ್ಡು ನೆಟ್ಟರು: 'ಅಮರ ನಗರ'.

ಜಾಲಿ ಕಡಿದವರು ಈ ಹೆಂಗಸರೇ. ದಿಬ್ಬ ಅಗೆದು, ಬುಟ್ಟಿ ಹೊತ್ತು, ತಗ್ಗು ತುಂಬಿ ಸಮ ಮಾಡಿದವರೂ ಇವರೇ. ಕೊಡಲಿ ಕೈಯಲ್ಲಿದ್ದಾಗ ಹೊನ್ನೂರಮ್ಮನಿಗೆ ಸಂಜೆಯ ಕೂಲಿ ನೆನಪಿತ್ತೇ ಹೊರತು ಮರುದಿನದ ನಸುಕು ನೆನಪಿರಲಿಲ್ಲ. ಕೊನೆಯ ಪೊದೆ ಉರುಳಿದಾಗ ಅವಳ ಅತ್ತೆ ಆದೆಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು, "ಎವ್ವಾ, ಇಲ್ಲಿಂದ ನಮ್ಮ ಮನಿ ಬಾಗಿಲ ಕಾಣಾಕತ್ತೈತಲ್ಲಬೇ!" ಎಂದು ಬೆರಗಾಗಿದ್ದಳು. ಬಾಗಿಲಿನಿಂದಲೂ ಈ ಜಾಗ ಅಷ್ಟೇ ಚೆನ್ನಾಗಿ ಕಾಣುತ್ತದೆಂದು ಮುದುಕಿಗೆ ಮರುದಿನ ತಿಳಿಯಿತು.

ಹೊನ್ನೂರಮ್ಮನ ಸೊಸೆ ಗದ್ದೆಮ್ಮ ಗುರುಗುಂಟಾದ ಕಡೆಯ ಹುಡುಗಿ. ಹಳ್ಳ ಕೊಳ್ಳ, ಗುಂಡುಗಲ್ಲಿನ ಗುಡ್ಡದ ನಾಡಿನಲ್ಲಿ ಬೆಳೆದವಳು. ಈಗ ತುಂಬಿದ ಬಸುರಿ. ಅವಳು ಯಾರಿಗೂ ಹೇಳದೆ ತನ್ನದೇ ಒಂದು ಉಪಾಯ ಕಂಡುಕೊಂಡಿದ್ದಳು. ಹೊಟ್ಟೆಗೆ ಹಾಕಿದರೆ ತಾನೇ ಹೋಗಬೇಕಾಗುವುದು? ಬೆಳಿಗ್ಗೆ ರೊಟ್ಟಿ ಮುರಿದು ನಾಯಿಗೆ ಎಸೆಯುತ್ತಿದ್ದಳು. ಗದ್ದೆಯಲ್ಲಿ ಮಂದಿಯೆಲ್ಲ ಬೊಗಸೆಯಲ್ಲಿ ನೀರು ಕುಡಿದರೆ ಇವಳು ತುಟಿ ಒದ್ದೆ ಮಾಡಿಕೊಂಡು ಸುಮ್ಮನಾಗುತ್ತಿದ್ದಳು. ಒಂದು ದಿನ ರೆಡ್ಡಿಯ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದಾಗ, ಮೊಣಕಾಲು ಮುಳುಗುವಷ್ಟು ನೀರಿನ ನಡುವೆ, ಬಾಯಿ ಒಣಗಿ ಬಿದ್ದುಬಿಟ್ಟಳು.

ದವಾಖಾನೆಯ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ ಹೊನ್ನೂರಮ್ಮನನ್ನೇ ಗದರಿಸಿದರು.

"ಸೊಸೆಗೆ ಊಟ ಹಾಕೋದಿಲ್ವೇನಮ್ಮ? ಮೈಯಲ್ಲಿ ನೀರಿಲ್ಲ. ಹಿಂಗೇ ಆದ್ರೆ ಮಗು ಉಳಿಯೋದಿಲ್ಲ, ಇವಳೂ ಉಳಿಯೋದಿಲ್ಲ. ಚೆನ್ನಾಗಿ ತಿನ್ನಿಸು. ನೀರು ಕುಡಿಸು."

ಗದ್ದೆಮ್ಮ ಬೆಂಚಿನ ಮೇಲೆ ಮಲಗಿದ್ದಲ್ಲಿಂದಲೇ ಕೇಳಿದಳು: "ಉಂಡು ಎಲ್ಲಿಗೆ ಹೋಗ್ಲಿರೀ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಕಂಪೌಂಡರು ಕಿವಿಯಲ್ಲಿ ಹೇಳಿದ. ಡಾಕ್ಟರು ಒಂದು ಕ್ಷಣ ಕಿಟಕಿಯ ಕಡೆ ನೋಡಿ, ಕೆಮ್ಮಿ, "ನೆಕ್ಸ್ಟ್" ಎಂದರು.

ಮನೆಗೆ ಬಂದ ಮೇಲೆ ಹೊನ್ನೂರಮ್ಮ ಸೊಸೆಯ ಮುಂದೆ ಗಂಜಿಯ ಪರಿಯಾಣ ಇಟ್ಟಳು.

"ನಮ್ಮೂರಾಗ ನೀರಿಲ್ಲತ್ತಿ," ಎಂದಳು ಗದ್ದೆಮ್ಮ, ಪರಿಯಾಣದ ಕಡೆ ನೋಡದೆ. "ಅಲ್ಲಿ ನೀರಿಲ್ಲ, ಕುಂಡ್ರಾಕ ಮರೆ ಐತಿ. ಇಲ್ಲಿ ಕೆನಾಲ್ ತುಂಬ ನೀರೈತಿ, ಒಂದು ಗಿಡದ ಮರೆ ಇಲ್ಲ. ಕೊಡೋ ಮುಂದ ನಮ್ಮಪ್ಪ ನೀರಾವರಿ ಊರು ನೋಡಿ ಕೊಟ್ಟೀನಿ ಅಂತ ಮೀಸಿ ತಿರಿವಿದ."

ಹೊನ್ನೂರಮ್ಮ ಪರಿಯಾಣವನ್ನು ಅವಳ ಹತ್ತಿರಕ್ಕೆ ಸರಿಸಿದಳು. ಮರುದಿನ ಅವಳು ಚರಗಿ ಕಳೆದುಕೊಂಡ ಹೆಂಗಸರನ್ನೆಲ್ಲ ಕರೆದುಕೊಂಡು ಗೌಡರ ಮನೆಗೆ ಹೋದಳು. ಕೇರಿಯ ಮಗ್ಗುಲಿಗೇ ಗುಡಿಸಲು ಹಾಕಿಕೊಂಡಿದ್ದ ಪಿಂಜಾರ ಹುಸೇನ್‌ಸಾಬನ ಹೆಂಡತಿ ಲಾಲ್‌ಬೀಯೂ ಬಂದಳು. ಅವಳದೂ ಒಂದು ಜಪ್ತಿಯಾಗಿತ್ತು.

ಗೌಡರ ಅಂಗಳದಲ್ಲಿ, ಕಟ್ಟೆಯಿಂದ ದೂರ, ಚರಗಿಗಳನ್ನು ಸಾಲಾಗಿ ಇಟ್ಟಿದ್ದರು. ತಗ್ಗು ಬಿದ್ದವು, ಕಂಠ ಸೀಳಿದವು, ಡಾಲ್ಡಾ ಡಬ್ಬಿಗಳು. ಕಟ್ಟೆಯ ಮೇಲೆ ಗೌಡರು, ಅವರ ಮನೆಯ ಪುರೋಹಿತರಾದ ಐನೋರು, ಪ್ಲಾಟು ನೋಡಲು ಬಂದಿದ್ದ ಕ್ಯಾಂಪಿನ ರೆಡ್ಡಿ ಕೂತು ಚಹಾ ಕುಡಿಯುತ್ತಿದ್ದರು. ನಡುವೆ ಕಾಲೊನಿಯ ನಕ್ಷೆ ಹರಡಿತ್ತು.

"ಬಂದ್ರೇನವಾ ಪ್ಲಾಟಿನ ಮಾಲಕರು!" ಎಂದರು ಗೌಡರು. "ರೆಡ್ಡಿಗಾರೂ, ಚೂಡಂಡಿ. ನೀವು ರಿಜಿಸ್ಟ್ರಿ ಮಾಡಿಸೋಕಿಂತ ಮೊದ್ಲ ಇವ್ರು ಕಬ್ಜಾ ತಗೊಂಡಾರ."

ರೆಡ್ಡಿ ಚಹಾ ಚೆಲ್ಲುವಂತೆ ನಕ್ಕ.

"ಯಾರದ್ದು ಯಾವುದೈತಿ ಗುರುತು ಹಿಡೀರಿ. 'ಇದು ನಂದ್ರಿ, ಇನ್ನ ಮ್ಯಾಲ ಕುಂಡ್ರಂಗಿಲ್ರಿ' ಅನ್ರಿ. ತಗೊಂಡು ನಡೀರಿ. ಜೋರಾಗಿ ಅನ್ರಿ, ಐನೋರಿಗೆ ಕಿವಿ ಮಂದ."

ಒಬ್ಬೊಬ್ಬಳೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಂದಳು. ಮಾಳಿಂಗಪ್ಪ ಬಡಿಗೆಯಿಂದ ಚರಗಿಯನ್ನು ಅವಳ ಕಡೆ ಉರುಳಿಸುತ್ತಿದ್ದ. ಕಟ್ಟೆಯ ಮೇಲೆ ಪ್ರತಿ ಸಲವೂ ನಗೆ. ಆದೆಮ್ಮನ ಸರದಿ ಬಂತು. ಮುದುಕಿ ತನ್ನ ಡಬ್ಬಿಯನ್ನು ಎತ್ತಿಕೊಂಡು ಗೌಡರನ್ನೇ ನೋಡಿದಳು.

"ಇದು ನಂದಪ್ಪ. ಇನ್ನ ಕುಂಡ್ರಂಗಿಲ್ಲ ಅನ್ನೋ ಮಾತು ನನ್ನ ಹೊಟ್ಟಿಗೆ ನೀನ ಹೇಳು. ನಾ ಹೇಳಿದ್ರ ಅದು ಕೇಳಂಗಿಲ್ಲ."

ಈ ಸಲ ಹೆಂಗಸರು ನಕ್ಕರು. ಗೌಡರ ಮುಖ ಬಿಗಿಯಿತು. ಆಗ ಹೊನ್ನೂರಮ್ಮ ಮುಂದೆ ಬಂದಳು.

"ಧಣೇರ, ಸೊಸಿ ಬಸರದಾಳ್ರಿ. ಉಣವಲ್ಲಳು. ಡಾಕ್ಟರು ಕೂಸು ಉಳಿಯಂಗಿಲ್ಲ ಅಂತ ಹೇಳ್ಯಾರ. ಅಷ್ಟು ದೊಡ್ಡ ನೆಲದಾಗ ನಮಗೊಂದು ಮೂಲಿ ಬಿಡ್ರಿ. ನಾವ ತಟ್ಟಿ ಕಟ್ಕೋತೀವಿ."

"ಮೂಲಿ?" ಗೌಡರು ನಕ್ಷೆಯ ಮೇಲೆ ಬೆರಳಾಡಿಸಿದರು. "ಇಲ್ಲಿ ಪಾರ್ಕು. ಪಾರ್ಕಿನ್ಯಾಗ ಕಾರಂಜಿ. ಇಲ್ಲಿ ಕ್ಲಬ್ಬು. ಇಲ್ಲಿ ಟಾಕೀಸು. ಐನೋರ, ನೀವರೆ ಹೇಳ್ರಿ, ಯಾವ ಮೂಲಿ ಖಾಲಿ ಐತಿ?"

ಐನೋರು ಕಣ್ಣು ಮುಚ್ಚಿ ವಿಚಾರ ಮಾಡಿದರು. "ಈಶಾನ್ಯ ಈಶ್ವರಂದು. ಅಲ್ಲಿ ಗುಡಿ ಬರತದ. ಆಗ್ನೇಯ ಅಗ್ನಿದು. ವಾಯವ್ಯ ವಾಯುಂದು. ನೈರುತ್ಯಕ್ಕ ಹೊಲಸು ತಾಕಿದ್ರ ಮಾಲಕರಿಗೇ ಕೇಡು. ದಿಕ್ಕಿಗೊಬ್ಬ ದೇವರದಾನಬೇ, ಎಲ್ಲಿ ಕುಂಡ್ರತಿ?"

"ದೇವರಿಗೆಲ್ಲ ದಿಕ್ಕು ಹಂಚೀರಿ. ನಮ್ಮ ದಿಕ್ಕು ಯಾವುದ್ರೀ ಐನೋರ?"

"ನಿಮಗ ಎಂಥಾ ದಿಕ್ಕಲೇ?" ಗೌಡರು ಎದ್ದು ನಿಂತರು. "ಹುಟ್ಟಿದಾಗಿಂದ ಬಯಲಾಗ ಕುಂತ ಜಾತಿಗೆ ಈಗ ಇಜ್ಜತ್ ಬಂತೇನು? ನಿನ್ನ ಸೊಸೀಗೆ ಹೇಳು, ಹೆರೋತನಕ ಬಾಯಿ ಹೊಲ್ಕೋ ಅಂತ. ಅನ್ನಾನೂ ಉಳೀತೈತಿ. ತಗೋ ನಿನ್ನ ಚರಗಿ. ಅನ್ನು!"

ಹೊನ್ನೂರಮ್ಮ ಅನ್ನಲಿಲ್ಲ. ಚರಗಿಯನ್ನೂ ಮುಟ್ಟಲಿಲ್ಲ. "ಇಲ್ಲೇ ಇರ್ಲಿರಿ. ನಿಮ್ಮ ಮನಿಯಾಗೂ ಒಂದು ಬೇಕಾಕ್ಕೈತಿ," ಎಂದು ತಿರುಗಿ ನಡೆದಳು. ಹಿಂದಿನಿಂದ ಗೌಡರು ಒದ್ದ ಚರಗಿ ಕಲ್ಲಿಗೆ ಬಡಿದ ಸದ್ದು ಕೇಳಿಸಿತು.

ಸಂಜೆ ಗಂಡ ಅಂಬಪ್ಪ ಮಿಲ್ಲಿನಿಂದ ಬಂದವನೇ ಕೂಗಾಡಿದ. ಅವನು ಅದೇ ಗೌಡರ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲ.

"ಧಣಿ ಮುಂದ ನಾಲಿಗಿ ಬಿಚ್ಚಿಯಂತ! ನಾಳಿ ನನ್ನ ಗೇಟಿನ ಹೊರಗ ನಿಲ್ಲಿಸಿದ್ರ ಏನು ತಿಂತಿ?"

"ತಿನ್ನೋ ಮಾತು ಆಮ್ಯಾಲಿಂದು. ತಿಂದಿದ್ದು ಎಲ್ಲಿ ಬಿಡ್ಲಿ ಅನ್ನೋದು ಮೊದ್ಲ ಹೇಳು."

"ಎಲ್ಲರೆ ದೂರ ಹೋಗ್ರಿ."

"ಎಲ್ಲೋ ದೂರ? ಈ ಕಡಿ ಗದ್ದಿ, ಆ ಕಡಿ ಗದ್ದಿ, ನಡುವ ಕೆನಾಲು. ನಿಮಗೇನು, ಗ್ವಾಡಿ ಕಂಡಲ್ಲಿ ನಿಂತು ಧೋತರ ಎತ್ತತೀರಿ. ಯಾವನರೆ ನಿನ್ನ ಚರಗಿ ಜಪ್ತಿ ಮಾಡ್ಯಾನೇನು?"

ಅಂಬಪ್ಪ ಬೀಡಿ ಹಚ್ಚಿಕೊಂಡು ಹೊರಗೆ ಹೋದ. ಎಲ್ಲಿ ನಿಂತನೋ ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಅಮರ ನಗರದ ಭೂಮಿಪೂಜೆಯ ದಿನ ಗೊತ್ತಾಯಿತು. ಬೆಂಗಳೂರಿನ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಅವರು ಬಂದು ಗುದ್ದಲಿ ಮುಟ್ಟಿದರೆ ಪ್ಲಾಟುಗಳೆಲ್ಲ ಒಂದೇ ದಿನದಲ್ಲಿ ಹಾರಿಹೋಗುತ್ತವೆಂದು ಗೌಡರಿಗೆ ಗೊತ್ತಿತ್ತು. ಹಿಂದಿನ ದಿನ ಮಾಳಿಂಗಪ್ಪ ಕೇರಿಗೆ ಬಂದು ಸಾರಿದ: "ನಸುಕಿನ್ಯಾಗ ಎಲ್ಲಾ ಹೆಂಗಸರು ಬಂದು ಕಸ ಹೊಡದು, ಸಗಣಿ ಸಾರಿಸಬೇಕು. ಬೆಳಕಾದ ಕೂಡ್ಲೆ ಮನಿ ಸೇರ್ಕೋಬೇಕು. ಸಾಹೇಬ್ರು ಹೋಗೋತನಕ ಒಬ್ರೂ ಹೊರಗ ಕಾಣಬಾರದು. ನಿಮ್ಮ ಮಾರಿ ಬಿದ್ರ ಊರಿನ ಮಾನ ಹೊಕ್ಕೈತಿ ಅಂತ ಧಣೇರು ಹೇಳ್ಯಾರ."

"ಮಾಳಿಂಗಾ," ಎಂದಳು ಹೊನ್ನೂರಮ್ಮ ತಣ್ಣಗೆ. "ನಿನ್ನ ಗುಡಿಸಲೂ ಏರಿ ಮ್ಯಾಲೇ ಐತಿ. ನಿನ್ನ ಹೇಣ್ತಿ ಶೇಖರಮ್ಮ ಎಲ್ಲಿ ಹೊಕ್ಕಾಳೋ?"

ಮಾಳಿಂಗಪ್ಪ ಕಂಬಳಿ ಸರಿಮಾಡಿಕೊಂಡು ಹೊರಟುಹೋದ.

ಅವನು ಮರೆಯಾದ ಮೇಲೆ ಹೊನ್ನೂರಮ್ಮ ಮನೆಮನೆಗೆ ಹೋದಳು. ಹೇಳಿದ ಮಾತು ಚಿಕ್ಕದು: "ನಾಳಿ ನಸುಕಿನ್ಯಾಗ ಯಾರೂ ಚರಗಿ ತಗೊಂಡು ಹೋಗಬ್ಯಾಡ್ರಿ. ತಡಕೋರಿ. ನಾ ಕರೀತೀನಿ." ಕೆಲವರು ಹೆದರಿದರು. ಒಬ್ಬಳು, ತನ್ನ ಗಂಡ ಕೊಂದೇ ಬಿಡುತ್ತಾನೆ ಎಂದಳು. "ಕೊಂದ್ರ ಆ ಕಾಟರೆ ತಪ್ಪತೈತಿ" ಎಂದು ಆದೆಮ್ಮ ಸಮಾಧಾನ ಹೇಳಿದಳು. ಮನೆಗೆ ಬಂದು ಹೊನ್ನೂರಮ್ಮ ಸೊಸೆಗೆ ನುಚ್ಚಿನ ಮೇಲೆ ಮಜ್ಜಿಗೆ ಸುರಿದು ಕೊಟ್ಟಳು. "ಹೊಟ್ಟಿ ತುಂಬ ಉಣ್ಣವ್ವಾ. ನಾಳಿ ಎಲ್ಲಿ ಅಂತ ಚಿಂತಿ ಮಾಡಬ್ಯಾಡ. ಜಾಗ ನಾ ನೋಡೀನಿ." ಗದ್ದೆಮ್ಮ ಮೊದಲು ಅತ್ತೆಯ ಮುಖ ನೋಡಿದಳು. ಆಮೇಲೆ ಉಂಡಳು. ಎರಡನೆಯ ಸಲವೂ ನೀಡಿಸಿಕೊಂಡಳು.

ಮರುದಿನ ಹೆಂಗಸರು ನಸುಕಿನಲ್ಲೇ ಹೋಗಿ ಕಸ ಹೊಡೆದರು, ಸಾರಿಸಿದರು. ಬೆಳಕಾಗುತ್ತಲೇ, ಹೇಳಿದ ಹಾಗೆ ಮನೆ ಸೇರಿಕೊಂಡರು. ಗೌಡರಿಗೆ ಬಹಳ ಸಂತೋಷವಾಯಿತು.

ಹೊತ್ತು ಏರಿತು. ಶಾಮಿಯಾನದ ಕೆಳಗೆ ಕುರ್ಚಿ, ಬ್ಯಾಂಡಿನವರು, ರೆಡ್ಡಿಗಳು, ಮಡಿಯುಟ್ಟ ಐನೋರು, ಬಂದೋಬಸ್ತಿಗೆ ಇಬ್ಬರು ಪೊಲೀಸರು. ಸಾಹೇಬರ ಜೀಪು ಬಂತು. ಗೌಡರು ಮೈಯೆಲ್ಲ ಬಾಗಿಸಿ ಕೈಮುಗಿದರು.

"ಸ್ವಾಮೇರ, ಹೈದರಾಬಾದು ನೋಡೀರಿ, ಬೆಂಗಳೂರು ನೋಡೀರಿ. ಇನ್ನ ಹತ್ತು ವರ್ಷಕ್ಕ ಇಲ್ಲಿ ಬಂದ್ರ ಯಾವುದು ಯಾವುದಂತ ಗುರುತು ಹತ್ತಂಗಿಲ್ಲ. ಕುಂಭ ಹೊತ್ತ ಹೆಣ್ಣುಮಕ್ಕಳು ಈಗ ಬರ್ತಾರ, ಒಂದೀಟು ತಡೀರಿ."

ಕುಂಭ ಹೊರಬೇಕಾದ ಗೌಡರ ಮನೆತನದ ಹೆಣ್ಣುಮಕ್ಕಳಿಗೆ ರೇಷ್ಮೆ ಸೀರೆಯ ನಿರಿಗೆ ಇನ್ನೂ ಕೂಡಿರಲಿಲ್ಲ. ಅಷ್ಟರಲ್ಲಿ ಕಾಲುವೆಯ ಕಡೆಯಿಂದ ಹೆಂಗಸರ ಸಾಲೊಂದು ಬರುವುದು ಕಾಣಿಸಿತು. ಎಲ್ಲರ ಕೈಯಲ್ಲೂ ನೀರು ತುಂಬಿದ ಪಾತ್ರೆ. ತಲೆ ಎತ್ತಿ, ಅವಸರವಿಲ್ಲದೆ ನಡೆದು ಬರುತ್ತಿದ್ದರು. ಸಾಹೇಬರ ಮುಖ ಅರಳಿತು.

"ಎಷ್ಟು ಜನ! ಏನು ಸಂಸ್ಕೃತಿ ಗೌಡ್ರೇ ನಿಮ್ಮ ಕಡೆ!" ಎಂದು ಎದ್ದು ನಿಂತು ಕೈಮುಗಿದರು. ಬ್ಯಾಂಡಿನವರು ಸಾಹೇಬರು ಎದ್ದದ್ದನ್ನು ಕಂಡು ಬಾರಿಸಲು ಶುರುಮಾಡಿದರು.

ಗೌಡರು ಮುಗಿದ ಕೈ ಮುಗಿದಂತೆಯೇ ಉಳಿಯಿತು. ಮುಂದೆ ಡಾಲ್ಡಾ ಡಬ್ಬಿ ಹಿಡಿದ ಹೊನ್ನೂರಮ್ಮ, ಅವಳ ತೋಳು ಹಿಡಿದ ಬಸುರಿ ಗದ್ದೆಮ್ಮ, ಹಿಂದೆ ಕೋಲೂರಿದ ಆದೆಮ್ಮ, ಲಾಲ್‌ಬೀ, ಇಡೀ ಕೇರಿ. ಬಡಿಗೆ ಹಿಡಿದು ತಡೆಯಲು ಓಡಿದ ಮಾಳಿಂಗಪ್ಪ ಸಾಲಿನ ಕೊನೆಯಲ್ಲಿ ಶೇಖರಮ್ಮನನ್ನು ಕಂಡು ಅಲ್ಲೇ ಕೂತುಬಿಟ್ಟ.

"ಮಾಳಿಂಗಾ! ಒದ್ದು ಓಡಿಸಲೇ ಸೂಳೆಮಕ್ಕಳನ್ನ!" ಗೌಡರು ಚೀರಿದರು. ಬ್ಯಾಂಡಿನ ಸದ್ದಿನಲ್ಲಿ ಅದು ಜಯಕಾರದಂತೆ ಕೇಳಿಸಿತು.

ಶಾಮಿಯಾನದ ಎದುರಿಗೇ, ಸುಣ್ಣದ ಗೆರೆಗಳ ನಡುವೆ ಹೆಂಗಸರು ಹರಡಿಕೊಂಡರು. ಇಷ್ಟು ಗಂಡಸರ ಕಣ್ಣು ಹೊನ್ನೂರಮ್ಮನ ಮೇಲೆ ಯಾವತ್ತೂ ಬಿದ್ದಿರಲಿಲ್ಲ. ಅವಳು ಸೊಸೆಯ ಒಣಗಿದ ತುಟಿ ನೋಡಿದಳು. ಆಮೇಲೆ ದನಿ ಎತ್ತಿದಳು.

"ನಾವು ಇಲ್ಲಿ ಕುಂಡ್ರತೀವಿ. ಮಾನ ಇದ್ದವರು ಆ ಕಡಿ ತಿರುಗ್ರಿ. ಇಲ್ಲದವರು ನೋಡ್ರಿ."

ಸೀರೆ ಎತ್ತಿ ಕೂತಳು. ಅವಳ ಹಿಂದೆಯೇ ಎಲ್ಲರೂ ಕೂತರು.

ಮೊದಲು ಬ್ಯಾಂಡು ನಿಂತಿತು. ಕೊಂಬು ಊದುವವನು ಉಸಿರನ್ನು ಬಾಯಲ್ಲೇ ಇಟ್ಟುಕೊಂಡು ತಿರುಗಿದ. ಐನೋರು "ಶಿವ ಶಿವಾ" ಎನ್ನುತ್ತಾ ತಿರುಗಿದರು. ರೆಡ್ಡಿ "ಚೀ ಚೀ, ಏಮಂಡೀ ಇದಿ!" ಎಂದು ತಿರುಗಿದ. ಅಂಗೈಯಗಲದ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಸಾಹೇಬರು ತಿರುಗಿದರು. ಕೊನೆಗೆ ಗೌಡರು ಉಳಿದರು. ಒಬ್ಬರೇ ಹಾಗೆ ನೋಡುತ್ತಾ ನಿಲ್ಲುವುದಕ್ಕಾಗದೆ, ಹಲ್ಲು ಕಡಿಯುತ್ತಾ ಅವರೂ ತಿರುಗಿದರು. ಇಡೀ ಅಮರ ನಗರ ತನ್ನದೇ ಶಾಮಿಯಾನದ ಬಟ್ಟೆಗೆ ಮುಖ ಮಾಡಿ ನಿಂತಿತು, ಸಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗರ ಹಾಗೆ.

ಒಬ್ಬ ಪೊಲೀಸ ಮಾತ್ರ ಲಾಠಿ ಹಿಡಿದು ಎರಡು ಹೆಜ್ಜೆ ಮುಂದೆ ಬಂದ. ಲಾಲ್‌ಬೀ ಕೂತಲ್ಲಿಂದಲೇ ಕರೆದಳು: "ಆವ್ ಸಾಬ್, ಆವ್! ನಜೀಕ್ ಆಕೊ ದೇಖೊ." ಹತ್ತಿರ ಬಂದೇ ನೋಡೆಂದದ್ದಕ್ಕೆ ಅವನು ನಾಚಿ ಹಿಂದಕ್ಕೆ ಸರಿದು, ಉಳಿದವರ ಜೊತೆ ಬಟ್ಟೆ ನೋಡತೊಡಗಿದ.

"ಒಬ್ಬೊಬ್ಬರ ಕಾಲು ಮುರಸ್ತೀನಿ!" ಗೌಡರು ಶಾಮಿಯಾನಕ್ಕೆ ಹೇಳಿದರು. "ನಿಮ್ಮ ಗಂಡಂದಿರಿಗೆ ನನ್ನ ಮಿಲ್ಲಿನ್ಯಾಗ ಕೆಲಸ ಇಲ್ಲ! ಕೇರಿಗೆ ಬೆಂಕಿ ಹಚ್ಚಸ್ತೀನಿ!"

"ಈ ಕಡಿ ತಿರುಗಿ ಹೇಳಪ್ಪ," ಎಂದಳು ಆದೆಮ್ಮ. "ನನಗೂ ಕಿವಿ ಮಂದ."

ಗದ್ದೆಮ್ಮ ನಕ್ಕುಬಿಟ್ಟಳು. ತವರಿನಿಂದ ಬಂದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಹೊನ್ನೂರಮ್ಮ ನೋಡಿರಲಿಲ್ಲ. ಬಿಸಿಲು ಏರುತ್ತಿತ್ತು. ಗೌಡರು ಅಂದದ್ದನ್ನು ಮಾಡುವವರೇ ಎಂದು ಹೊನ್ನೂರಮ್ಮನಿಗೆ ಗೊತ್ತಿತ್ತು. ನಾಳೆ ಅಂಬಪ್ಪ ಮಿಲ್ಲಿನ ಗೇಟಿನ ಹೊರಗೆ ನಿಲ್ಲುತ್ತಾನೆ. ಪೊಲೀಸರು ಕೇರಿಗೆ ಬರುತ್ತಾರೆ. ಬರಲಿ. ಎದ್ದು ಹೋಗಬೇಕೆಂದು ಮಾತ್ರ ಅವಳಿಗೆ ಅನ್ನಿಸಲಿಲ್ಲ.

ಸಾಹೇಬರು ಕತ್ತು ನೋಯುತ್ತಿದ್ದರೂ ತಿರುಗುವಂತಿರಲಿಲ್ಲ. ಮೂಗಿನ ಮೇಲಿನ ಕರವಸ್ತ್ರ ಸ್ವಲ್ಪ ಸರಿಸಿ, ಬಟ್ಟೆಯ ಗೋಡೆಗೆ ಹೇಳುವವರಂತೆ ಮೆತ್ತಗೆ ಕೇಳಿದರು:

"ಆಯ್ತೇನ್ರಮ್ಮಾ?"

"ಇನ್ನಾ ಇಲ್ರೀ ಸಾಹೇಬ್ರ," ಎಂದಳು ಹೊನ್ನೂರಮ್ಮ. "ಭಾಳ ದಿನದ್ದೈತಿ."